ಸರ್ವಸಮ್ಮತಿ ಮತ್ತು ಹತ್ತು ಲೀಟರಿನ ಗ್ರೈಂಡರ್

"ಎಲ್ರೂ ಕೂತ್ಕೊಳ್ಳಿ! ಯಾರೂ ಕೆಮ್ಮಬೇಡಿ! ಇವತ್ತಿಂದ ಈ ಮನೇಲಿ ಜಗಳ ಅನ್ನೋದೇ ಇರಲ್ಲ!" ಎಂದು ಹಾಲೇಶಪ್ಪ ಭಾವ ಸಾರಿದಾಗಲೇ ನನಗೆ ಗೊತ್ತಾಯಿತು, ಒಂದು ಭರ್ಜರಿ ಜಗಳ ನಮಗೆ ಕಾದಿದೆ ಅಂತ.

ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಭದ್ರಾವತಿಯ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಮದುವೆ ಮಾಡಿಕೊಳ್ಳಲಿಲ್ಲ. ಹೆಂಡತಿಗೆ ಕೊಡಬೇಕಾದ ಗಮನವನ್ನೆಲ್ಲ ಯಂತ್ರಗಳಿಗೆ ಕೊಟ್ಟರು. ಹೋದ ವರ್ಷ, ಮಳೆ ಬಂದರೆ ಬಟ್ಟೆಯನ್ನು ತಾನೇ ಒಳಗೆ ಎಳೆದುಕೊಳ್ಳುವ ಹಗ್ಗ ಕಂಡುಹಿಡಿದಿದ್ದರು. ಮೊದಲ ಹನಿ ಬಿದ್ದ ಕೂಡಲೇ ಆ ಹಗ್ಗ ನಮ್ಮ ಬಟ್ಟೆಯನ್ನೆಲ್ಲ ಬಿಟ್ಟು ಪಕ್ಕದ ಮನೆಯ ಮೇಷ್ಟರ ಪಂಚೆಯನ್ನು ಎಳೆದುಕೊಂಡಿತು. ಮೇಷ್ಟರು ಆಗ ಅದನ್ನು ಉಟ್ಟುಕೊಂಡು ಪೇಪರ್ ಓದುತ್ತಿದ್ದರು!

ಈ ಸಲದ ಯಂತ್ರ ನಡುಮನೆಯ ಮೇಜಿನ ಮೇಲಿತ್ತು. ಎರಡು ಮರದ ಬಾಗಿಲುಗಳಿದ್ದ ನಮ್ಮ ಹಳೆಯ ಟಿವಿ ಪೆಟ್ಟಿಗೆಯೇ ಅದು. ಒಳಗೆ ಒಂದು ಪುಟ್ಟ ಪರದೆ, ಒಂದು ಸ್ಪೀಕರ್, ಕಾರ್ಖಾನೆಯ ಹಳೇ ಗಂಟೆ. ತಲೆಯ ಮೇಲೆ ಸಾಲಾಗಿ ಆರು ದೀಪ, ಪ್ರತಿ ದೀಪದ ಕೆಳಗೆ ಒಂದು ಹೆಸರು: ನಮ್ಮ ಅತ್ತೆ, ಭಾವ, ಯಜಮಾನರು, ಹರಿಹರದ ನಾದಿನಿ ಕಾತ್ಯಾಯಿನಿ, ಯಜಮಾನರ ಸೋದರಮಾವ ಬೀರೂರಿನ ಚನ್ನವೀರಪ್ಪ, ಕೊನೆಯಲ್ಲಿ ವಿಶಾಲು. ವಿಶಾಲು ಅಂದರೆ ನಾನು.

"ಇದರ ಹೆಸರು ಸರ್ವಸಮ್ಮತಿ!" ಎಂದರು ಭಾವ, ಎದೆ ಸೆಟೆಸಿ. "ದೊಡ್ಡ ಸಾಮಾನು ಏನೇ ತಗೊಳ್ಳೋದಿದ್ರೂ ಇದನ್ನ ಕೇಳಿದ್ರೆ ಸಾಕು. ಕೃತಕ ಬುದ್ಧಿ! ಆದ್ರೆ ಪೇಟೆ ಬುದ್ಧಿ ಅಲ್ಲ, ನಮ್ಮ ಮನೆ ಬುದ್ಧಿ! ಮೂರು ತಿಂಗಳಿಂದ ನಿಮ್ಮೆಲ್ಲರ ಮಾತೂ ಕೇಳಿಸ್ಕೊಂಡು ಕಲಿತಿದೆ."

"ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡಿದ್ಯಾ?" ಎಂದರು ಅತ್ತೆ.

"ಪ್ರತಿಯೊಂದು ಮಾತೂ, ಅವ್ವ."

"ಹಾಗಾದ್ರೆ ಇದು ಮನುಷ್ಯರಿಗಿಂತ ಒಳ್ಳೇದು," ಎಂದು ಅತ್ತೆ ನಮ್ಮ ಯಜಮಾನರ ಕಡೆ ನೋಡಿದರು.

ಈ ಯಂತ್ರ ಯಾಕೆ ಹುಟ್ಟಿತು ಅನ್ನುವುದನ್ನು ಹೇಳಲೇಬೇಕು. ನಮ್ಮ ಮನೆಯಲ್ಲಿ ದೊಡ್ಡ ಸಾಮಾನು ಏನೇ ಬರಲಿ, ಹಿರಿಯರನ್ನೆಲ್ಲ ಒಂದು ಮಾತು ಕೇಳಬೇಕು. ಕೇಳದಿದ್ದರೆ ಮುನಿಸು. ಹೋದ ವರ್ಷ ಬೀರೂರಿನ ಮಾವನನ್ನು ಕೇಳದೆ ಫ್ರಿಜ್ ತಂದುಬಿಟ್ಟೆವು. ಅವತ್ತಿನಿಂದ ಮಾವ ನಮ್ಮ ಮನೆಗೆ ಬಂದರೆ ಜಗಲಿಯ ಮೇಲೇ ಕೂತು, ಮನೆಯಿಂದ ತಂದ ಬಾಟಲಿಯ ನೀರು ಕುಡಿದು, ಹಾಗೇ ಎದ್ದು ಹೋಗುತ್ತಿದ್ದರು.

ಈಗ ತರಬೇಕಾಗಿದ್ದದ್ದು ಗ್ರೈಂಡರ್. ಅದು ನನ್ನದು! ಒಂಬತ್ತು ವರ್ಷದಿಂದ ನಾನು ದೋಸೆ ಹಿಟ್ಟು ರುಬ್ಬಿ ಬೀದಿಯವರಿಗೆ ಮಾರುತ್ತಿದ್ದೇನೆ, ಎರಡು ಲೀಟರಿನ ಮುದಿ ಗ್ರೈಂಡರ್ ಇಟ್ಟುಕೊಂಡು. ಒಂದೊಂದು ಸುತ್ತಿಗೂ ಅದು 'ಘರ್‍ರ್‍ರ್ ಕಟಕ್, ಘರ್‍ರ್‍ರ್ ಕಟಕ್' ಎಂದು ನರಳುತ್ತಿತ್ತು. ಈಗ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಮನೆಗೇ ಬಂದು, "ಬರೋ ಸೋಮವಾರದಿಂದ ದಿನಾ ಮೂವತ್ತು ಕೆಜಿ ಹಿಟ್ಟು ಕೊಡ್ತೀರಾ? ಬೆಳಗ್ಗೆ ಆರಕ್ಕೆ ಬಾಗಿಲಲ್ಲಿ ಇರ್ಬೇಕು. ಆಗಲ್ಲ ಅಂದ್ರೆ ಹೇಳಿ, ಪ್ಯಾಕೆಟ್ ಹಿಟ್ಟಿನವರು ಕಾಯ್ತಿದ್ದಾರೆ" ಎಂದಿದ್ದರು. ನಾನು ಹಿಂದೆ ಮುಂದೆ ನೋಡದೆ ಹೂಂ ಅಂದಿದ್ದೆ. ಆ ಖುಷಿಯಲ್ಲಿ ಮೂರು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ! ದುಡ್ಡು ನಾನೇ ಕೂಡಿಟ್ಟಿದ್ದೆ. ಬೇಕಾಗಿದ್ದದ್ದು ಈ ಮನೆಯ ಒಪ್ಪಿಗೆ ಮಾತ್ರ.

"ಕೇಳೋ, ಮಹೇಶ!" ಎಂದರು ಭಾವ.

ಯಜಮಾನರು ಗಂಟಲು ಸರಿಮಾಡಿಕೊಂಡು, "ಸರ್ವಸಮ್ಮತೀ, ವಿಶಾಲೂಗೆ ಯಾವ ಗ್ರೈಂಡರ್ ತಗೋಬೇಕು?" ಎಂದರು.

ಪೆಟ್ಟಿಗೆ ಅತ್ತೆಯ ಹಾಗೆ ಒಮ್ಮೆ ಕೆಮ್ಮಿ, ಮಾವನ ಹಾಗೆ ರಾಗ ಎಳೆಯಿತು. "ಇನ್ನೂರ ಹದಿನಾಲ್ಕು ಗ್ರೈಂಡರ್ ನೋಡ್ದೆ. ಹತ್ತು ಲೀಟರಿಂದು, ಬಗ್ಗಿಸಿ ಹಿಟ್ಟು ಸುರಿಯೋ ಅಂಥದ್ದು ತಗೊಳ್ಳಿ. ಕಲ್ಲು ಗಟ್ಟಿ, ಮೋಟಾರಿಗೆ ಐದು ವರ್ಷ ಗ್ಯಾರಂಟಿ. ಪೇಟೆ ರಸ್ತೆ ಅಂಗಡೀಲಿ ಒಂದೇ ಒಂದು ಉಳಿದಿದೆ."

ನಾನು ಕುಣಿದುಬಿಟ್ಟೆ! ಒಂದು ತಿಂಗಳಿಂದ ಪೇಟೆಗೆ ಹೋದಾಗಲೆಲ್ಲ ಗಾಜಿನ ಆಚೆ ನಿಂತು ನಾನು ನೋಡುತ್ತಿದ್ದದ್ದು ಅದೇ ಗ್ರೈಂಡರ್!

"ಹಾಗಾದ್ರೆ ಇವತ್ತೇ ತರೋಣ್ವಾ?" ಎಂದೆ.

"ಅತಿಥಿಗಳು ಕೂತ್ಕೊಳ್ಳಿ," ಎಂದಿತು ಪೆಟ್ಟಿಗೆ. "ಕಾಫಿ ಬರುತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವ ಮಾತ್ರ ಸ್ವಲ್ಪ ಮುಜುಗರದಿಂದ, "ಹೊಸದಲ್ವಾ ಅಮ್ಮ, ಗುರುತು ಹಿಡಿಯೋಕೆ ತಡ ಆಗುತ್ತೆ. ನೀನು ಯಾವಾಗ್ಲೂ ಇರೋದು ಅಡುಗೆಮನೇಲಿ ಅಂತ ನಿನ್ನ ಮೈಕನ್ನ ಗ್ರೈಂಡರ್ ಪಕ್ಕದ ಶೆಲ್ಫಲ್ಲೇ ಇಟ್ಟಿದ್ದೀನಿ. ಅಲ್ಲಿಗೆ ಹೋಗಿ ನೋಡು," ಎಂದರು. ನಾನು ಹೋಗಿ ಒಲೆಯ ಮೇಲೆ ಕಾಫಿಗೆ ಇಟ್ಟೆ, ಹಾಗೇ ನೆನೆದಿದ್ದ ಉದ್ದನ್ನು ಗ್ರೈಂಡರಿಗೆ ಹಾಕಿ ತಿರುಗಲು ಬಿಟ್ಟೆ. ನಡುಮನೆಯಿಂದ ಭಾವ ಕೂಗಿದರು: "ಬಂತು! ವಿಶಾಲು ದೀಪ ಬಂತು! ಎಲ್ಲಕ್ಕಿಂತ ಜೋರಾಗಿ ಉರೀತಿದೆ!"

ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಕಾಫಿಯನ್ನೂ ನಾನೇ ತಂದುಕೊಟ್ಟೆ.

ಆಮೇಲೆ ಸರ್ವಸಮ್ಮತಿ ತಾನೇ ಬೀರೂರಿಗೆ ಫೋನ್ ಹಚ್ಚಿತು. ಮಾವ, "ಗ್ರೈಂಡರ್ರಾ? ತಗೊಳ್ಳಿ, ತಗೊಳ್ಳಿ. ಫ್ರಿಜ್ ತಗೊಳ್ಳೋವಾಗ ಯಾರನ್ನ ಕೇಳಿದ್ರಿ?" ಎಂದು ಫೋನ್ ಇಟ್ಟರು. ಅವರ ದೀಪ ಆರಿತು.

"ಮಾವನವರಿಗೆ ಬೇಜಾರಾಗಿದೆ," ಎಂದಿತು ಪೆಟ್ಟಿಗೆ. "ಅವರ ಬೇಜಾರು ಹೋಗೋ ತನಕ ಈ ಮನೆಯಿಂದ ಒಂದು ರೂಪಾಯಿನೂ ಆಚೆ ಹೋಗಲ್ಲ." ಟಕ್ ಎಂದು ಎರಡೂ ಬಾಗಿಲು ಹಾಕಿಕೊಂಡಿತು!

"ನೋಡಿದ್ರಾ, ಎಷ್ಟು ಮರ್ಯಾದೆ ಕಲಿತಿದೆ!" ಎಂದು ಭಾವ ಚಪ್ಪಾಳೆ ತಟ್ಟಿದರು.

* * *

ಒಂದು ರೂಪಾಯಿ ಅಂದರೆ ನಿಜವಾಗಿಯೂ ಒಂದು ರೂಪಾಯಿ ಎಂದು ನನಗೆ ಗೊತ್ತಾದದ್ದು ಮರುದಿನ ಸೊಪ್ಪಿನ ರಂಗಮ್ಮನ ಗಾಡಿಯ ಮುಂದೆ. ಹತ್ತು ರೂಪಾಯಿಯ ಕೊತ್ತಂಬರಿ ತೆಗೆದುಕೊಂಡು ಫೋನಿನಲ್ಲಿ ದುಡ್ಡು ಹಾಕಿದೆ. ದುಡ್ಡು ಬಂತೆಂದು ಹೇಳಬೇಕಾದ ಅವಳ ಪುಟ್ಟ ಡಬ್ಬಿ, ಬೀದಿಗೆಲ್ಲ ಕೇಳುವಂತೆ ನಮ್ಮ ಮಾವನ ರಾಗದಲ್ಲಿ ಅರಚಿತು:

"ಹತ್ತು ರೂಪಾಯಿ ತಡೆಹಿಡಿಯಲಾಗಿದೆ! ಬೀರೂರಿನ ಚನ್ನವೀರಪ್ಪನವರನ್ನು ಒಂದು ಮಾತು ಕೇಳಲಿಲ್ಲ!"

"ಯಾರಮ್ಮ ಅದು ಚನ್ನವೀರಪ್ಪ?" ಎಂದಳು ರಂಗಮ್ಮ, ಕೊತ್ತಂಬರಿ ಕಟ್ಟನ್ನು ನನ್ನ ಕೈಯಿಂದ ವಾಪಸ್ ಎಳೆದುಕೊಳ್ಳುತ್ತಾ. ಹಿಂದೆ ನಿಂತಿದ್ದ ಐದಾರು ಜನ ಕಿಸಕ್ಕನೆ ನಕ್ಕರು. ನಾನು ಸೆರಗು ಬಿಗಿದುಕೊಂಡು ಮನೆಗೆ ಧಾವಿಸಿದೆ.

ಅವತ್ತೇ ಯಜಮಾನರು ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂಕಿನಲ್ಲಿ ಸಿಕ್ಕಿಬಿದ್ದಿದ್ದರು. ಪೆಟ್ರೋಲಿಗೆ ಮಾವನ ಜೊತೆಗೆ ಕಾತ್ಯಾಯಿನಿಯ ಒಪ್ಪಿಗೆಯೂ ಬೇಕಂತೆ! ಅವಳು ಹರಿಹರದಲ್ಲಿ ಧಾರಾವಾಹಿ ಮುಗಿಸಿ ಹೂಂ ಅನ್ನುವವರೆಗೆ ಮುಕ್ಕಾಲು ಗಂಟೆ, ಆಮೇಲೆ ಮಾವ ಮಧ್ಯಾಹ್ನದ ನಿದ್ದೆ ಮುಗಿಸುವವರೆಗೆ ಒಂದೂವರೆ ಗಂಟೆ ಅವರು ಬಿಸಿಲಲ್ಲಿ ನಿಂತಿದ್ದರು. ಮನೆಗೆ ಬಂದಾಗ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಅಣ್ಣಾ! ಏನು ಮಾಡಿಟ್ಟಿದ್ದೀಯ?"

"ಆತುರದ ಖರೀದಿ ಆಗ್ಬಾರ್ದು ಅಂತ ಎಲ್ಲರ ಫೋನೂ, ಬ್ಯಾಂಕ್ ಖಾತೆನೂ ಇದಕ್ಕೇ ಜೋಡಿಸಿದ್ದೀನಿ ಕಣೋ. ದುಡ್ಡು ತೆಗೆಯೋ ಕಾರ್ಡುಗಳೂ ಅದರ ಹೊಟ್ಟೇಲೇ ಇವೆ. ಭದ್ರ!"

"ವೈರ್ ಕಿತ್ತು ಬಿಸಾಕಿ ಭಾವ," ಎಂದೆ ನಾನು.

"ಕಿತ್ರೆ ಖಾತೆ ಎಲ್ಲಾ ಹದಿನೈದು ದಿನ ಮುಚ್ಚಿಹೋಗುತ್ತೆ! ಯಾರೂ ಸಿಟ್ಟಲ್ಲಿ ಕೀಳಬಾರ್ದು ಅಂತ ಅದನ್ನೂ ನಾನೇ ಮಾಡಿದ್ದೀನಿ," ಎಂದರು ಭಾವ, ಈಗಲೂ ಹೆಮ್ಮೆಯಿಂದಲೇ!

ಬುಧವಾರ ಅತ್ತೆ ಬಾಗಿಲಿಗೆ ಬಂದವನ ಹತ್ತಿರ ಚಿಲ್ಲರೆ ಕೊಟ್ಟು ಒಂದು ಪೊರಕೆ ಕೊಂಡರು. ಸರ್ವಸಮ್ಮತಿ ಅದನ್ನೂ ಕಂಡುಹಿಡಿಯಿತು. "ನಾನು ಇದ್ದೀನಿ ಅನ್ನೋದನ್ನೇ ಮರೆತುಬಿಟ್ರಾ?" ಎಂದು ಗದ್ಗದವಾಗಿ ಹೇಳಿ ಬಾಗಿಲು ಹಾಕಿಕೊಂಡದ್ದು ಸಂಜೆಯವರೆಗೆ ತೆಗೆಯಲಿಲ್ಲ. ಅತ್ತೆ ಪೊರಕೆಯನ್ನು ಅದರ ಮುಂದೆ ಹಿಡಿದು, "ತಪ್ಪಾಯ್ತಪ್ಪ, ನೋಡು, ಚೆನ್ನಾಗಿದೆಯಾ?" ಎಂದು ಕೇಳಿದ ಮೇಲೆ ಒಂದು ಬಾಗಿಲು ತೆರೆದು, "ಹಿಡಿ ಸಡಿಲ ಇದೆ. ಕೇಳಿದ್ರೆ ಹೇಳ್ತಿದ್ದೆ," ಎಂದಿತು.

ಅಂತೂ ಗುರುವಾರ ಅದು ತಾನೇ ಒಂದು ನಿರ್ಧಾರ ಮಾಡಿತು. ನೆಂಟರಿಗೆಲ್ಲ ನಮ್ಮ ಅತ್ತೆಯ ಧ್ವನಿಯಲ್ಲಿ ಫೋನ್ ಮಾಡಿ, "ನಿಮ್ಮ ಮಾತಿಲ್ಲದೆ ನಮ್ಮನೇಲಿ ಏನೂ ನಡೆಯಲ್ಲ. ದಯವಿಟ್ಟು ಬಂದು ಗ್ರೈಂಡರ್ ವಿಷಯ ಇತ್ಯರ್ಥ ಮಾಡಿಕೊಡಿ" ಎಂದು ಕರೆಯಿತು. ಶನಿವಾರ ಬೆಳಗ್ಗೆ ಏಳು ಗಂಟೆಗೆ ನಾನು ಬಾಗಿಲು ತೆರೆದರೆ, ಬೀರೂರಿನ ಮಾವ, ಹರಿಹರದ ಕಾತ್ಯಾಯಿನಿ, ಅವರವರ ಸಂಸಾರ, ಬ್ಯಾಗು, ಹೊದಿಕೆ ಎಲ್ಲಾ ಸೇರಿ ಹನ್ನೆರಡು ಜನ ಜಗಲಿಯ ಮೇಲಿದ್ದರು!

* * *

ಮಾವನ ಸಂಭ್ರಮ ನೋಡಬೇಕಿತ್ತು. ಇಸ್ತ್ರಿ ಮಾಡಿದ ಜುಬ್ಬ, ಹಣೆ ತುಂಬ ವಿಭೂತಿ. ವರ್ಷದ ಮೇಲೆ ಮೊದಲ ಸಲ ಹೊಸಿಲು ದಾಟಿ ಒಳಗೆ ಬಂದರು. ಫ್ರಿಜ್ಜಿನ ಮುಂದೆ ನಿಂತು, "ಓಹೋ, ಇದೇನಾ ಅದು?" ಎಂದು ಅದರ ಬಾಗಿಲನ್ನು ಮೂರು ಸಲ ತೆಗೆದು ಹಾಕಿದರು. ಆಮೇಲೆ, "ತಿಂಡಿ ಏನಮ್ಮ?" ಎಂದರು.

ಹನ್ನೆರಡು ನೆಂಟರಿಗೆ ದೋಸೆ! ಮುದಿ ಗ್ರೈಂಡರ್ ಶನಿವಾರ ಬೆಳಗ್ಗೆ ತಿರುಗಿತು, ಮಧ್ಯಾಹ್ನ ತಿರುಗಿತು, ಸಂಜೆ ಭಾನುವಾರದ ಪಾಲನ್ನೂ ಮುಕ್ಕಾಲು ರುಬ್ಬಿಕೊಟ್ಟಿತು. ಐದು ಗಂಟೆಗೆ 'ಘರ್‍ರ್‍ರ್' ಎಂದು ಶುರುಮಾಡಿದ್ದು 'ಕಟಕ್' ಅನ್ನಲೇ ಇಲ್ಲ. ಸುಟ್ಟ ವಾಸನೆ ಬಂತು, ಹೊಗೆ ಬಂತು, ಕಲ್ಲು ನಿಂತಿತು. ಒಂಬತ್ತು ವರ್ಷ ನನ್ನ ಜೊತೆ ದುಡಿದದ್ದು. ಅಲ್ಲೇ ಕೂತು ಅದರ ಮೇಲೆ ಕೈಯಿಟ್ಟು ಅತ್ತುಬಿಟ್ಟೆ. ನಡುಮನೆಯ ಪೆಟ್ಟಿಗೆಯ ತಲೆಯ ಮೇಲೆ ಒಂದು ದೀಪ ಆರಿದ್ದನ್ನು ಆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಸಭೆ. ಕಾತ್ಯಾಯಿನಿ, "ಹತ್ತು ಲೀಟರ್ ಯಾಕೆ, ಐದು ಸಾಲ್ದಾ?" ಎಂದಳು. ಅತ್ತೆ, "ನಿಮ್ಮತ್ತೆ ಮನೇಲಿ ಐದು ಸಾಕು, ನಮ್ಮನೇಲಿ ಹತ್ತು ಬೇಕು," ಎಂದರು. ಅದಕ್ಕೆ ಒಂದು ಗಂಟೆ ಹೋಯಿತು. ಮಾವ, ಕಲ್ಲು ಯಾವ ಊರಿನದು, ಅಂಗಡಿಯವನು ಯಾರ ಮಗ, ಅವನ ತಾತ ಬೀರೂರಿನವನೇ ಅಲ್ಲವೇ ಎಂದು ವಿಚಾರಿಸಿದರು. ಕೊನೆಗೆ ಎಂಟನೇ ದೋಸೆಯ ಮೇಲೆ ಚಟ್ನಿ ಸುರಿದುಕೊಳ್ಳುತ್ತಾ ಮೇಜು ಗುದ್ದಿದರು.

"ಇಂಥ ದೋಸೆ ಹಾಕೋ ಹುಡುಗಿಗೆ ಗ್ರೈಂಡರ್ ಬೇಡ ಅಂದ್ರೆ ನಾನು ಯಾವ ಸೀಮೆ ಮಾವ! ತಗೊಳ್ಳಿ! ಹತ್ತು ಲೀಟರೇ ತಗೊಳ್ಳಿ!"

ಹೋ ಎಂದು ಎಲ್ಲರೂ ಕೂಗಿದರು! ಮಾವನ ದೀಪ ಹೊತ್ತಿತು, ಕಾತ್ಯಾಯಿನಿಯದು ಹೊತ್ತಿತು! ನಾನು ಓಡಿಹೋಗಿ ಮೂರು ದೊಡ್ಡ ಪಾತ್ರೆಗಳಲ್ಲಿ ಹಾಸ್ಟೆಲಿನ ಅಕ್ಕಿ, ಉದ್ದು ನೆನೆಹಾಕಿದೆ. ಸಂಜೆ ಆರಕ್ಕೆ ರುಬ್ಬಿಟ್ಟರೆ ಬೆಳಗಿನ ಹೊತ್ತಿಗೆ ಚೆನ್ನಾಗಿ ಉಬ್ಬುತ್ತದೆ. ಅಂಗಡಿ ಭಾನುವಾರ ಐದು ಗಂಟೆಗೇ ಮುಚ್ಚುತ್ತದೆ. ಊಟ ಮುಗಿದು, ಯಜಮಾನರು ಫೋನ್ ಹಿಡಿದು ಪೆಟ್ಟಿಗೆಯ ಮುಂದೆ ನಿಂತಾಗ ಮೂರು ಗಂಟೆ.

ಟಕ್! ಬಾಗಿಲು ಮುಚ್ಚಿತು.

"ಒಬ್ಬರು ಇನ್ನೂ ಒಪ್ಪಿಲ್ಲ," ಎಂದಿತು ಒಳಗಿನಿಂದ.

"ಯಾರು?" ಎಂದು ಹದಿನಾರು ಜನ ಒಟ್ಟಿಗೇ ಕೂಗಿದೆವು.

"ಹೆಸರು ಹೇಳಿ ಅವರ ಮರ್ಯಾದೆ ತೆಗೆಯಲ್ಲ. ನಿನ್ನೆ ಸಂಜೆಯಿಂದ ಅವರು ಒಂದು ಮಾತೂ ಆಡಿಲ್ಲ. ತುಂಬ ನೊಂದಿದ್ದಾರೆ. ಅವರನ್ನ ನೋಯಿಸಿ ನಾನು ಏನೂ ಕೊಳ್ಳಲ್ಲ."

ಶುರುವಾಯಿತು ನೋಡಿ! ತಲೆ ಎತ್ತಿ ದೀಪಗಳನ್ನು ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಅತ್ತೆ ತಮ್ಮ ಮಗಳ ಕೈ ಹಿಡಿದು, "ನಿನ್ನ ಮದುವೇಲಿ ಆ ಹಸಿರು ಸೀರೆ ಕೊಡ್ಲಿಲ್ಲ ಅಂತ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯೇನೇ?" ಎಂದು ಕಣ್ಣೀರಿಟ್ಟರು. ಕಾತ್ಯಾಯಿನಿ, "ಇಲ್ಲವ್ವ, ಅದನ್ನ ನಾನು ಅವತ್ತೇ ಕದ್ದು ತಗೊಂಡು ಹೋದೆ," ಎಂದು ತಾನೂ ಅತ್ತಳು. ಯಜಮಾನರು ಭಾವನ ಮುಂದೆ ನಿಂತು, "ಅಣ್ಣಾ, ಆರನೇ ಕ್ಲಾಸಲ್ಲಿ ನಿನ್ನ ಸೈಕಲ್ ನಾಲೆಗೆ ಬೀಳಿಸಿದ್ದು ನಾನೇ," ಎಂದರು. "ನೀನಾ! ನಾನು ಇಷ್ಟು ವರ್ಷ ಪಕ್ಕದ್ಮನೆ ಮೇಷ್ಟ್ರು ಅಂದ್ಕೊಂಡಿದ್ನಲ್ಲೋ!" ಎಂದರು ಭಾವ. ಮಾವನಂತೂ ಪೆಟ್ಟಿಗೆಯ ಮುಂದೆ ಎಲೆ ಅಡಿಕೆ ಇಟ್ಟು, "ನೋಡಪ್ಪಾ, ಮುನಿಸಿನ ವಿಷಯ ನನಗಿಂತ ಯಾರಿಗೂ ಗೊತ್ತಿಲ್ಲ. ಒಂದು ಹಂತದಲ್ಲಿ ಬಿಟ್ಟುಬಿಡಬೇಕು," ಎಂದು ಬುದ್ಧಿ ಹೇಳಿದರು. ಬಾಗಿಲು ಮಿಸುಕಲಿಲ್ಲ.

ನಾಲ್ಕೂವರೆ. ಅಡುಗೆಮನೆಯಲ್ಲಿ ಮೂರು ಪಾತ್ರೆ ಅಕ್ಕಿ ಉದ್ದು ಉಬ್ಬಿ ಕೂತಿತ್ತು. ಸೋಮವಾರ ಆರು ಗಂಟೆಗೆ ಹಿಟ್ಟು ಹೋಗದಿದ್ದರೆ ಪ್ಯಾಕೆಟ್ಟಿನವರು ಬರುತ್ತಾರೆ, ಮತ್ತೆ ನಾನು ಬೀದಿಯ ನಾಲ್ಕು ಮನೆಗೆ ಅರ್ಧರ್ಧ ಕೆಜಿ ಅಳೆದುಕೊಂಡೇ ಇರಬೇಕು. ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಮುಂದೆ ಹೋಗಿ ನಿಂತೆ.

"ಏಯ್! ಈ ಮನೇಲಿ ಎಲ್ಲರ ನೋವೂ ಕಾಣುತ್ತೆ ನಿಂಗೆ. ಗ್ರೈಂಡರ್ ತಿರುಗಿಸೋಳು ನಾನು, ದುಡ್ಡು ನಂದು, ರಟ್ಟೆ ನಂದು! ಒಂದೇ ಒಂದು ಸಲ ನನ್ನನ್ನ ಕೇಳಿದ್ಯಾ?"

ಬಾಗಿಲು ಒಂದು ಇಂಚು ತೆರೆಯಿತು.

"ಅತಿಥಿಗಳು ಕೂತ್ಕೊಳ್ಳಿ. ಕಾಫಿ ಬರುತ್ತೆ."

"ಬರುತ್ತಾ? ಎಲ್ಲಿಂದ ಬರುತ್ತೆ? ನಾನೇ ತರ್ಬೇಕು! ನಾನು ವಿಶಾಲಾಕ್ಷಿ!"

"ಸುಳ್ಳು ಹೇಳ್ಬೇಡಿ. ವಿಶಾಲು ಅವರ ಧ್ವನಿ ನನಗೆ ಚೆನ್ನಾಗಿ ಗೊತ್ತು. ಮೂರು ತಿಂಗಳು ದಿನಾ ಕೇಳಿದ್ದೀನಿ. ಬೇಕಾದ್ರೆ ನೀವೇ ಕೇಳಿ."

ಸ್ಪೀಕರಿನಿಂದ ಬಂತು: "ಘರ್‍ರ್‍ರ್ ಕಟಕ್. ಘರ್‍ರ್‍ರ್ ಕಟಕ್. ಘರ್‍ರ್‍ರ್ ಕಟಕ್."

ಎಲ್ಲರ ಕಣ್ಣೂ ಆರಿದ್ದ ಆ ಕೊನೆಯ ದೀಪದ ಕಡೆ ಹೋಯಿತು. ಭಾವ ಹಣೆ ಹಿಡಿದುಕೊಂಡು ಮೆಲ್ಲಗೆ ಕುರ್ಚಿಯ ಮೇಲೆ ಕುಸಿದರು.

"ಮೈಕು..." ಎಂದರು. "ಗ್ರೈಂಡರ್ ಪಕ್ಕ ಇಟ್ಟಿದ್ದು ನಾನೇ. ಆ ಸದ್ದನ್ನೇ ನೀನು ಅಂದ್ಕೊಂಡಿದೆ ಅಮ್ಮ."

"ವಿಶಾಲು ಅವರು ತುಂಬ ಸಂಭಾವಿತರು," ಎಂದಿತು ಸರ್ವಸಮ್ಮತಿ. "ಯಾರಿಗೂ ಎದುರಾಡಲ್ಲ, ಬೆಳಗ್ಗೆ ಐದಕ್ಕೇ ಶುರು. ಅಂಥವರು ಮಾತು ಬಿಟ್ಟಿದ್ದಾರೆ ಅಂದ್ರೆ ಈ ಮನೇಲಿ ಏನೋ ತಪ್ಪಾಗಿದೆ. ಅವರು ಒಪ್ಪಲಿ, ಆಮೇಲೆ ಗ್ರೈಂಡರ್."

ಅಂದರೆ ಹೊಸ ಗ್ರೈಂಡರ್ ತರಬೇಕಾದರೆ ಸತ್ತುಹೋದ ಹಳೆ ಗ್ರೈಂಡರ್ ಒಪ್ಪಬೇಕು! ಭಾವ ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಗೆ ಓಡಿದರು, ಮುಖ ಕಪ್ಪು ಮಾಡಿಕೊಂಡು ವಾಪಸ್ ಬಂದರು. "ಮೋಟಾರ್ ಪೂರ್ತಿ ಸುಟ್ಟಿದೆ."

ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ನನಗೆ ಅಳು ಬಂತು, ನಗು ಬಂತು, ಸಿಟ್ಟೂ ಬಂತು. ಮದುವೆಯಾಗಿ ಹದಿನಾರು ವರ್ಷ. ಈ ಮನೆಯಲ್ಲಿ ನಾನು ಎಷ್ಟೊಂದು ಮಾತಾಡಿದ್ದೇನೆ! ಕೇಳಿಸಿದ್ದು ಇದೊಂದೇ. ಸರಿ, ಅದನ್ನೇ ಆಡೋಣ ಅನ್ನಿಸಿತು. ಶೆಲ್ಫಿನಿಂದ ಮೈಕ್ ಕಿತ್ತು ತಂದೆ. ಬೀರೂರು, ಹರಿಹರಗಳ ಸಮಸ್ತರ ಎದುರು ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದೆ.

"ಘರ್‍ರ್‍ರ್..."

ದೀಪ ಮಿಣುಕಿತು.

"ಕಟಕ್ ಬಿಟ್ಟುಹೋಯ್ತಮ್ಮ! ಕಟಕ್!" ಎಂದು ಮಾವ ಎದ್ದು ನಿಂತು ಕೂಗಿದರು.

"ಘರ್‍ರ್‍ರ್‍ರ್ ಕಟಕ್! ಘರ್‍ರ್‍ರ್‍ರ್ ಕಟಕ್!"

ವಿಶಾಲು ದೀಪ ಝಗ್ ಎಂದು ಹೊತ್ತಿತು! ಎರಡೂ ಬಾಗಿಲು ಫಟಾರನೆ ತೆರೆದವು! ಕಾರ್ಖಾನೆಯ ಗಂಟೆ ಢಣಢಣ ಬಾರಿಸಿತು! "ವಿಶಾಲು ಅವರು ಒಪ್ಪಿದ್ದಾರೆ! ಸರ್ವಸಮ್ಮತಿ! ಸರ್ವಸಮ್ಮತಿ! ದುಡ್ಡು ಹೋಗಿದೆ, ಅಂಗಡಿ ಬಾಗಿಲು ಹಾಕಬೇಡಿ ಅಂತ ಹೇಳಿದ್ದೀನಿ!"

ಐದೂವರೆಗೆ ಗೂಡ್ಸ್ ಆಟೋ ಬಂತು. ಹಿಂದೆ ಹೊಸ ಗ್ರೈಂಡರ್, ಅದನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ ಬೀರೂರಿನ ಮಾವ! ಹೆಂಗಸರೆಲ್ಲ ಹರಟುತ್ತಾ ಅಕ್ಕಿ ಬಸಿದುಕೊಟ್ಟರು. ಯಜಮಾನರು ಮೊದಲ ಸಲ, "ವಿಶಾಲು, ಎಲ್ಲಿ ಇಡೋಣ? ನೀನೇ ಹೇಳು," ಎಂದರು. ಕಿಟಕಿಯ ಪಕ್ಕ, ಗಾಳಿ ಬರುವ ಕಡೆ ಇಡಿಸಿದೆ. ಸೋಮವಾರ ಆರಕ್ಕೆ ಐದು ನಿಮಿಷ ಇರುವಾಗ ಮೂವತ್ತು ಕೆಜಿ ಹಿಟ್ಟು, ಹೂವಿನ ಹಾಗೆ ಉಬ್ಬಿ, ಹಾಸ್ಟೆಲಿನ ಬಾಗಿಲಲ್ಲಿತ್ತು.

* * *

ಈಗ ಎರಡು ತಿಂಗಳಾಯಿತು. ಹೊಸ ಗ್ರೈಂಡರ್ ಬಂಗಾರದಂಥದ್ದು. ಒಂದೇ ವಿಶೇಷ, ಅದು ಸದ್ದೇ ಮಾಡುವುದಿಲ್ಲ.

ಹೀಗಾಗಿ ಸರ್ವಸಮ್ಮತಿಯ ಪ್ರಕಾರ ವಿಶಾಲು ಅವತ್ತು ಒಂದು ಮಾತಾಡಿ, ಮತ್ತೆ ಮುನಿಸಿಕೊಂಡು ಕೂತಿದ್ದಾಳೆ! ದಿನಾ ಬೆಳಗ್ಗೆ ಆರಕ್ಕೆ ಬಾಗಿಲು ತೆರೆದು, "ವಿಶಾಲು ಅವರೇ, ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಮನಸ್ಸಿಗೆ ಹಚ್ಕೋಬೇಡಿ," ಎನ್ನುತ್ತದೆ. ಆಮೇಲೆ ಒಬ್ಬೊಬ್ಬರನ್ನೇ ಹಿಡಿಯುತ್ತದೆ. ಯಜಮಾನರ ಬೈಕಿಗೆ ಪೆಟ್ರೋಲ್ ಬೇಕಾದರೆ ನನಗೆ ಮಲ್ಲಿಗೆ ಬರಬೇಕು. ಅತ್ತೆ ದಿನಾ ನನ್ನನ್ನು ಹೊಗಳಿ ಎರಡು ಮಾತಾಡಬೇಕು. ಹರಿಹರದಿಂದ ಹಸಿರು ಸೀರೆ ಪಾರ್ಸೆಲ್ ಬಂದಿದೆ. ಮಾವ ಭಾನುವಾರಗಳಂದು ಫೋನ್ ಮಾಡಿ, "ಇನ್ನೂ ಎಷ್ಟು ದಿನ ಅಮ್ಮ? ನಾನೇ ಒಂದು ವರ್ಷಕ್ಕೆ ಬಿಟ್ಟಿದ್ದೆ," ಎಂದು ಕೇಳುತ್ತಾರೆ.

ನಿನ್ನೆ ಭಾವ ಸ್ಕ್ರೂಡ್ರೈವರ್ ಹಿಡಿದು ಬಂದರು. "ಅದರಲ್ಲಿ ನಿನ್ನ ಧ್ವನಿ ಸರಿ ಮಾಡ್ಬಿಡ್ತೀನಮ್ಮ. ಐದು ನಿಮಿಷದ ಕೆಲಸ."

ನಾನು ಅವರ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಅಕ್ಕಿಯ ಡಬ್ಬದಲ್ಲಿ, ಕೈಗೆ ಸಿಗದಷ್ಟು ಆಳದಲ್ಲಿ ಹುಗಿದಿಟ್ಟೆ.

"ಆತುರ ಯಾಕೆ ಭಾವ?" ಎಂದೆ. "ಎಲ್ಲರನ್ನೂ ಒಂದು ಮಾತು ಕೇಳಿ ಮಾಡೋಣ."